ಅಂಚೆ ಕಚೇರಿಯೋ, ಪೌರಕಾರ್ಮಿಕರೋ? ಒಂದನೇ ಕ್ಲಾಸಿಗೆ ಯಾವುದು ಮೊದಲು

‘ನಮ್ಮ ಸಹಾಯಕರು’ ಪಾಠವನ್ನು ಚಾರ್ಟ್ ತೋರಿಸಿ ಮುಗಿಸದೆ, ಮಕ್ಕಳೇ ಪ್ರಶ್ನೆ ಕೇಳಿ ಕಲಿಯಲಿ ಅಂತಿದ್ದೀರಾ? ಎರಡು ದಾರಿ ಇವೆ.

ಅಂಚೆ ಕಚೇರಿಯಲ್ಲಿ ಕುತೂಹಲ ಜಾಸ್ತಿ. 50 ಪೈಸೆಯ ಕಾರ್ಡಿನಲ್ಲಿ ತಮ್ಮದೇ ವಿಳಾಸ ಬರೆದು ಡಬ್ಬಕ್ಕೆ ಹಾಕಿದ ಮಕ್ಕಳು ಅದು ಮನೆ ತಲುಪುವವರೆಗೂ ಕೇಳ್ತಾನೇ ಇರುತ್ತಾರೆ. ಮುದ್ರೆ ಯಾರು ಒತ್ತಿದರು? ಪಿನ್ ಕೋಡಿಗೆ 6 ಅಂಕಿ ಯಾಕೆ? ಆದರೆ ಅನುಮತಿ, ವಾಹನ, ಜೊತೆಗೆ ದೊಡ್ಡವರು ಎಲ್ಲ ಬೇಕು.

ಪೌರಕಾರ್ಮಿಕರನ್ನು ಕ್ಲಾಸಿಗೇ ಕರೆಯಬಹುದು. ಅವರ ಕೆಲಸ ಮುಗಿದ ಮೇಲೆ ಕರೆಯಿರಿ, ಕುರ್ಚಿ ಹಾಕಿ ಟೀ ಕೊಡಿ. ಮಕ್ಕಳು ಅದನ್ನೂ ನೋಡಬೇಕು. “ಅಕ್ಕಾ, ಕಸದಲ್ಲಿ ಗಾಜು ಸಿಕ್ಕಿದ್ರೆ ಏನ್ ಮಾಡ್ತೀರಾ?” ಅಂತ ಒಂದು ಮಗು ಕೇಳಿದರೆ ಸಾಕು. ಒಡೆದ ಗಾಜನ್ನು ಪೇಪರಿನಲ್ಲಿ ಸುತ್ತಿ ಬೇರೆ ಕೊಡಬೇಕು ಅನ್ನೋದನ್ನು ನೀವು ಹೇಳಿಕೊಡಬೇಕಾಗಿಲ್ಲ. ಬಾಳೆಹಣ್ಣಿನ ಸಿಪ್ಪೆ ಹಸಿ ಕಸಕ್ಕೆ, ಬಿಸ್ಕೆಟ್ ಕವರ್ ಒಣ ಕಸಕ್ಕೆ ಅನ್ನೋದು ಮಧ್ಯಾಹ್ನದ ಊಟದಲ್ಲೇ ಶುರುವಾಗುತ್ತದೆ.

ಜವಾಬ್ದಾರಿ ಕಲಿಸೋದೇ ಉದ್ದೇಶವಾದರೆ ನನ್ನ ಆಯ್ಕೆ ಇದೇ. ಓದು ಬರಹ ಸ್ವಲ್ಪ ಬಂದ ಮೇಲೆ, ಎರಡನೇ ಕ್ಲಾಸಿನಲ್ಲಿ ಅಂಚೆ ಕಚೇರಿ. ಯಾವುದಾದರೂ ಸರಿ, ಹಿಂದಿನ ದಿನವೇ ಮಕ್ಕಳ ಪ್ರಶ್ನೆಗಳನ್ನು ಬೋರ್ಡ್ ಮೇಲೆ ಬರೆದಿಡಿ.