ನಾರ್ವೇಜಿಯನ್ ಜೋಡುಪದ: ಕಿವಿ ನಂಬಿ ಒಡೆಯುವುದೋ, ಭಾಗ ನೋಡಿ ಒಡೆಯುವುದೋ?

ನಾರ್ವೇಜಿಯನ್ ಕಲಿಯುವವರಿಗೆ ಉದ್ದ ಪದ ಒಡೆಯಲು ಎರಡು ದಾರಿ ಇವೆ. ಒಂದು, ಕೇಳಿಸಿದ ಹಾಗೆ ಒಡೆಯುವುದು. ಒಂಟಿ ವ್ಯಂಜನವನ್ನು ಮುಂದಿನ ಸ್ವರಕ್ಕೆ ಸೇರಿಸಿದರೆ ಆಯಿತು. ಕನ್ನಡ ಅಕ್ಷರ ಓದಿ ಬೆಳೆದವರಿಗೆ ಇದು ಸಲೀಸು, ಸಣ್ಣ ಪದಕ್ಕೆ ಸಾಕು ಕೂಡ.

ಜೋಡುಪದಕ್ಕೆ ಮಾತ್ರ ನಾನು ಎರಡನೆಯದನ್ನೇ ಹೇಳುತ್ತೇನೆ: ಪದಗಳು ಸೇರಿದ ಜಾಗದಲ್ಲೇ ಕತ್ತರಿಸಿ. ‘ಫ್ರೇಡಾಗ್ಸ್‌ಕ್ವೆಲ್’ (ಶುಕ್ರವಾರ ಸಂಜೆ) ಪದದಲ್ಲಿ ನಡುವಿನ ‘ಸ್’ ಮೊದಲ ಭಾಗದ ಜೊತೆ ಉಳಿಯುತ್ತದೆ. ‘ನಟ್ಟೋಗ್’ (ರಾತ್ರಿ ರೈಲು) ಇನ್ನೂ ಸೊಗಸು. ‘ನಟ್ಟ್’, ‘ಟೋಗ್’ ಸೇರಿದಾಗ ಮೂರು ‘ಟ್’ ಬರಬೇಕು, ಆದರೆ ಎರಡೇ ಬರೆಯುತ್ತಾರೆ. ಸಾಲಿನ ಕೊನೆಯಲ್ಲಿ ಒಡೆದರೆ ಮೂರನೆಯದು ವಾಪಸ್ ಬರುತ್ತದೆ. ಕಿವಿ ಇದನ್ನು ಹೇಳಿಕೊಡುವುದಿಲ್ಲ ಅಲ್ವಾ?

ಒತ್ತಿನ (ಉಚ್ಚಾರದಲ್ಲಿ ಯಾವ ಭಾಗವನ್ನು ಬಲವಾಗಿ ಹೇಳುತ್ತೇವೆ ಎಂಬ) ವಿಷಯದಲ್ಲಿ ಲಾಭ ಇನ್ನೂ ಜಾಸ್ತಿ. ಮುಖ್ಯ ಒತ್ತು ಸಾಮಾನ್ಯವಾಗಿ ಮೊದಲ ಭಾಗಕ್ಕೆ, ಕಿರು ಒತ್ತು ಎರಡನೆಯದಕ್ಕೆ. ಹಾಗಂತ ಸುಮ್ನೆ ಪದದ ಶುರುವಿನಲ್ಲೇ ಒತ್ತಬೇಡಿ. ‘ಉನಿವರ್ಸಿಟೇಟ್ಸ್‌ಬಿಬ್ಲಿಯೊಟೇಕ್’ (ವಿಶ್ವವಿದ್ಯಾಲಯದ ಗ್ರಂಥಾಲಯ) ಪದದಲ್ಲಿ ಮುಖ್ಯ ಒತ್ತು ‘ಟೇಟ್ಸ್’ ಮೇಲೆ, ಏಕೆಂದರೆ ಮೊದಲ ಭಾಗ ಒಂಟಿಯಾಗಿದ್ದಾಗಲೂ ಅಲ್ಲೇ ಒತ್ತು.

ಊರ ಹೆಸರುಗಳನ್ನು ಮಾತ್ರ ಕೇಳಿಯೇ ಕಲಿಯಿರಿ. ಕ್ರಿಸ್ಟಿಯಾನ್‌ಸಾನ್ ನಗರದ ಹೆಸರಲ್ಲಿ ಒತ್ತು ಕೊನೆಗೆ ಬೀಳುತ್ತದೆ.