ಟವರ್ ಲೈನ್ ಕೇಸಿಗೆ ಹೋದ ಲಾಯರ್ ಆಫೀಸು: ಐದಕ್ಕೆ ನಾಲ್ಕು ಸ್ಟಾರ್

ವಕೀಲರು ಜಾಹೀರಾತು ಕೊಡುವ ಹಾಗಿಲ್ಲ, ಅದಕ್ಕೆ ಹೆಸರು ಹಾಕಬೇಡಿ ಅಂದಿದ್ದಾರೆ ನಮ್ಮ ಲಾಯರ್ ಮೇಡಂ. ತುಮಕೂರು ಜಿಲ್ಲೆ, ಜೆರಾಕ್ಸ್ ಅಂಗಡಿ ಮೇಲಿನ ಸಣ್ಣ ರೂಮು, ಅಷ್ಟೇ ಹೇಳುತ್ತೇನೆ.

ನಮ್ಮದು ತೆಂಗು, ಅಡಿಕೆ ಸೇರಿ ಎರಡೂವರೆ ಎಕರೆ. ಒಂದು ದಿನ ಡೇರಿಗೆ ಹಾಲು ಹಾಕಿ ಬರುವಷ್ಟರಲ್ಲಿ ತೋಟದಲ್ಲಿ ಮೂರು ಜನ ನಿಂತಿದ್ದರು, ಹನ್ನೊಂದು ತೆಂಗಿನ ಮರಕ್ಕೆ ಕೆಂಪು ಪೇಂಟಲ್ಲಿ ನಂಬರ್ ಬರೆದಾಗಿತ್ತು. ಯಾರ್ರೀ ನೀವು ಅಂದರೆ 400 ಕೆವಿ ಹೈಟೆನ್ಷನ್ ಕರೆಂಟ್ ಲೈನು, ಆರ್ಡರ್ ಇದೆ, ತಡೆದರೆ ಪೊಲೀಸ್ ಬರ್ತಾರೆ ಅಂದರು. ಆ ಆರ್ಡರ್ ತೋರಿಸಿ ಅಂತ ಕೇಳೋಕೆ ನನಗೆ ಹೊಳೆಯಲೇ ಇಲ್ಲ.

ಮೊದಲು ಹೋದ ಲಾಯರ್ ನಾಳೇನೇ ಸ್ಟೇ ತರ್ತೀನಿ ಅಂತ ಅಡ್ವಾನ್ಸ್ ಕೇಳಿದರು. ಎದ್ದು ಬಂದೆವು. ಈ ಮೇಡಂ ಪಹಣಿ, ಸರ್ವೆ ನಕ್ಷೆ ನೋಡಿ ಮೊದಲು ಹೇಳಿದ್ದೇ ಬೇಸರದ ಮಾತು: "ಲೈನ್ ನಿಲ್ಲುತ್ತೆ ಅನ್ನೋ ಆಸೆ ಬಿಡಿ. ಟೆಲಿಗ್ರಾಫ್ ಕಾಯ್ದೆ 1885ರದ್ದು. ಬೇರೆಯವರ ಜಮೀನಲ್ಲಿ ತಂತಿ ಎಳೆಯೋ ಅದರ ಅಧಿಕಾರವನ್ನ ಎಲೆಕ್ಟ್ರಿಸಿಟಿ ಕಾಯ್ದೆಯ 164ನೇ ಸೆಕ್ಷನ್‌ನಲ್ಲಿ ಸರ್ಕಾರ ಈ ಲೈನಿನವರಿಗೆ ಕೊಡಬಹುದು. ಕೊಟ್ಟಿದ್ದರೆ ನಿಮ್ಮ ಒಪ್ಪಿಗೆ ಬೇಕಿಲ್ಲ ಅಂತ ಸುಪ್ರೀಂ ಕೋರ್ಟೇ 2016ರಲ್ಲಿ ಹೇಳಿದೆ." ಆಮೇಲೆ ಸೇರಿಸಿದರು, ಆ 164ರ ಆದೇಶ ಇಲ್ಲದಿದ್ದರೆ ಅದೇ ಎಲೆಕ್ಟ್ರಿಸಿಟಿ ಕಾಯ್ದೆಯ 2006ರ ನಿಯಮದ ಪ್ರಕಾರ ನಮ್ಮ ಒಪ್ಪಿಗೆ ಬೇಕು, ಇಲ್ಲವೇ ಡಿಸಿ ಅನುಮತಿ. ಆದೇಶ ಇದ್ದರೂ, ನಾವು ಬೇಡ ಅಂದ ಮೇಲೆ ಅವರು ಡಿಸಿ ಹತ್ತಿರ ಹೋಗಬೇಕೇ ಹೊರತು ಸುಮ್ನೆ ಪೊಲೀಸ್ ಹೆಸರು ಹೇಳಿ ನುಗ್ಗೋ ಹಾಗಿಲ್ಲ.

ಪಾವಗಡ ಸೋಲಾರ್ ಪಾರ್ಕ್ ನಮ್ಮ ಜಿಲ್ಲೆಯದೇ ಅಲ್ವಾ. ಅಲ್ಲಿ ರೈತರು ಸಹಿ ಹಾಕಿ, ಎಕರೆಗೆ ವರ್ಷಕ್ಕೆ 21,000 ರೂಪಾಯಿ ಲೆಕ್ಕದಲ್ಲಿ ಗುತ್ತಿಗೆ ಕೊಟ್ಟರು. ಪ್ಯಾನಲ್ ಇಡೋಕೆ ಸಹಿ ಬೇಕು, ತಂತಿ ಎಳೆಯೋಕೆ ಬೇಡ!

ನಮ್ಮ ಚಿಕ್ಕಪ್ಪ ಒಂದೇ ಸಮ, ಟವರ್ ಪಕ್ಕದವರ ಹೊಲದಲ್ಲಿ, ನಮಗೇನು ಹೋಗುತ್ತೆ ಅನ್ನುತ್ತಿದ್ದರು. ಮೇಡಂ ಪಹಣಿ ಹಿಂದೆಯೇ ಲೆಕ್ಕ ಹಾಕಿ ತೋರಿಸಿದರು. 400 ಕೆವಿ ಡಬಲ್ ಸರ್ಕ್ಯೂಟ್ ಲೈನಿಗೆ, ಅಂದರೆ ಒಂದೇ ಟವರ್ ಮೇಲೆ ಎರಡು ಲೈನ್ ಹೋಗುವುದಕ್ಕೆ, ತಂತಿ ಕೆಳಗೆ 46 ಮೀಟರ್ ಅಗಲದ ಪಟ್ಟಿ. ನಮ್ಮ ತೋಟದಲ್ಲಿ ಅದು ಹಾಯುವುದು 100 ಮೀಟರ್. ಅಂದರೆ ಒಂದು ಎಕರೆ ಐದು ಗುಂಟೆ, ಅದರಲ್ಲಿ ಎತ್ತರದ ಮರ ಬಿಡುವುದಿಲ್ಲ. ಚಿಕ್ಕಪ್ಪ ಆ ಕಾಗದ ಕೈಯಲ್ಲಿ ಹಿಡಿದು ಕೂತವರು ಟೀ ಆರಿದರೂ ಕುಡಿಯಲಿಲ್ಲ.

ಪರಿಹಾರದ ವಿಷಯದಲ್ಲಿ ಮೇಡಂ ಗಟ್ಟಿ. ಕೇಂದ್ರದ 2015ರ ಮಾರ್ಗಸೂಚಿಯಲ್ಲಿ ಟವರ್ ಜಾಗಕ್ಕೆ ಜಮೀನಿನ ಬೆಲೆಯ ಶೇ. 85, ತಂತಿ ಕೆಳಗಿನ ಪಟ್ಟಿಗೆ ಹೆಚ್ಚೆಂದರೆ ಶೇ. 15 ಇತ್ತು. 2024ರ ಜೂನ್‌ನಲ್ಲಿ ಅದು ಶೇ. 200 ಮತ್ತು ಶೇ. 30 ಆಯಿತು. ಆದರೆ ಇದು ಮಾರ್ಗಸೂಚಿ ಮಾತ್ರ, ರಾಜ್ಯದ ಆದೇಶವನ್ನೂ ನೋಡಬೇಕು ಅಂತ ಎಚ್ಚರಿಸಿದರು. ಮರಗಳ ಲೆಕ್ಕ ಬೇರೆ. ಕೊಟ್ಟಿದ್ದು ಸಾಲದು ಅಂದರೆ ಜಿಲ್ಲಾ ನ್ಯಾಯಾಧೀಶರ ಮುಂದೆ ಅರ್ಜಿ.

ಡಿಸಿ ಆಫೀಸಿಗೆ ತಕರಾರು ಅರ್ಜಿ ಕೊಟ್ಟು ಸೀಲು ಹಾಕಿಸಿಕೊಂಡ ಮೇಲೆ ಎರಡೂ ಕಡೆಯವರು ಸೇರಿ ಮರ ಎಣಿಸುವ ಜಂಟಿ ಮಹಜರು ಆಯಿತು. ಹನ್ನೊಂದು ಅಂದಿದ್ದ ತೆಂಗು ಮೂವತ್ತೆಂಟಾಯಿತು, ಅಡಿಕೆ ಬೇರೆ. ಕೇಸು ಇನ್ನೂ ನಡೀತಿದೆ.

ಒಂದು ಸ್ಟಾರ್ ಯಾಕೆ ಕಡಿಮೆ ಅಂದರೆ ಕಾಯಿಸೋದು ಜಾಸ್ತಿ. ನಾಲ್ಕಕ್ಕೆ ಬನ್ನಿ ಅಂದರೆ ಆರೂವರೆ. ಫೋನ್ ಎತ್ತಲ್ಲ. ಗುಮಾಸ್ತರು ಪ್ರತಿ ಸಲ ಜೆರಾಕ್ಸ್ ಖರ್ಚು ಅಂತ ಇನ್ನೂರು ಕೇಳುತ್ತಾರೆ, ಕೆಳಗಿನ ಅಂಗಡಿಯಲ್ಲಿ ನಾನೇ ಮಾಡಿಸಿದರೆ ನಲವತ್ತು. ಫೀಸನ್ನು ಮಾತ್ರ ಮೂರು ಕಂತಲ್ಲಿ ತಗೊಂಡರು, ರಸೀದಿ ಕೊಟ್ಟರು. ಹೋಗುವವರು ಈ ವರ್ಷದ ಪಹಣಿ ಒಯ್ಯಿರಿ, ಪೇಂಟ್ ಬೀಳುವ ಮುಂಚೆಯೇ ಒಂದೊಂದು ಮರದ ಫೋಟೊ ತೆಗೆದಿಡಿ. ನಮ್ಮ ಹತ್ತಿರ ಅದಿರಲಿಲ್ಲ, ಮೊಮ್ಮಗನ ನಾಮಕರಣದ ಫೋಟೊಗಳಲ್ಲಿ ಹಿಂದೆ ಕಂಡ ಮರಗಳನ್ನ ಎಣಿಸಿ ಕೊಟ್ಟೆವು.