ಗೃಹಜ್ಯೋತಿ: ಬಿಲ್ ಸೊನ್ನೆ ಸರಿ, ಶೀಟ್ ಮನೆಯ ಸೆಕೆಗೇನು?

ತುಮಕೂರು ಜಿಲ್ಲೆಯ ಬೆಸ್ಕಾಂ ಗ್ರಾಹಕರಿಗೆ 2023ರ ಜುಲೈ ತಿಂಗಳ ಬಳಕೆಯಿಂದ ರಾಜ್ಯ ಸರ್ಕಾರದ ಉಚಿತ ಕರೆಂಟ್ ಯೋಜನೆ ಗೃಹಜ್ಯೋತಿ ಸಿಗುತ್ತಿದೆ. ಬಡವರ ಕರೆಂಟ್ ಬಿಲ್ ಇಳಿಸಿದ್ದಕ್ಕೆ ಐದರಲ್ಲಿ ನಾಲ್ಕು ಅಂಕ ಧಾರಾಳವಾಗಿ ಕೊಡಬಹುದು. ಮನೆ ತಂಪಾಗಿಸುವ ಬಾಬತ್ತೇ ಇದರಲ್ಲಿ ಇಲ್ಲ, ಒಂದು ಅಂಕ ಕಳೆದದ್ದು ಅದಕ್ಕೆ. ಪಾವಗಡದ ತಿರುಮಣಿ ಸುತ್ತ 2,050 ಮೆಗಾವ್ಯಾಟ್‌ನ ಸೌರ ಪಾರ್ಕ್ ಇದೆ. ಅದೇ ಬಿಸಿಲಿಗೆ ಪಕ್ಕದೂರಿನ ಶೀಟ್ ಮನೆ ಕಾದ ಹೆಂಚಾಗುವುದು ಮಾತ್ರ ತಪ್ಪಿಲ್ಲ.

'200 ಯೂನಿಟ್ ಫ್ರೀ' ಅಂತ ಎಲ್ಲರ ಬಾಯಲ್ಲೂ ಇದೆ. ಲೆಕ್ಕ ಬೇರೆ. 2022-23ರಲ್ಲಿ ಆ ಮೀಟರ್‌ನ ತಿಂಗಳ ಸರಾಸರಿ ಎಷ್ಟಿತ್ತೋ ಅದಕ್ಕೆ ಶೇ 10 ಸೇರಿಸಿದರೆ ನಿಮ್ಮ ಪಾಲು. ಸರಾಸರಿ 60 ಇದ್ದರೆ 66 ಯೂನಿಟ್. ಸರಾಸರಿ 48ಕ್ಕಿಂತ ಕಡಿಮೆ ಇರುವವರಿಗೆ 2024ರಿಂದ ಶೇ 10ರ ಬದಲು ನೇರವಾಗಿ 10 ಯೂನಿಟ್ ಸೇರಿಸುತ್ತಾರೆ. ಹಿಂದಿನ ಭಾಗ್ಯಜ್ಯೋತಿ, ಕುಟೀರ ಜ್ಯೋತಿ ಯೋಜನೆಗಳ ಬಡ ಮನೆಗಳಿಗೆ ಇದು ನಿಜವಾಗಿ ದಕ್ಕಿದ ಲಾಭ. ಹಳೇ ಲೆಕ್ಕವಿಲ್ಲದ ಹೊಸ ಮನೆಗೆ 58 ಯೂನಿಟ್. 66ರ ಪಾಲಿನವರು ಅದನ್ನು ಮೀರಿ 80 ಉರಿಸಿದರೆ ಮೇಲಿನ 14 ಯೂನಿಟ್‌ಗೆ ದುಡ್ಡು. 200 ದಾಟಿದ ತಿಂಗಳು ಪೂರ್ತಿ ಬಿಲ್ ಕಟ್ಟಬೇಕು.

ನೋಂದಣಿ ಸುಲಭ. ಸೇವಾಸಿಂಧು ಪೋರ್ಟಲ್‌ನಲ್ಲೋ ಗ್ರಾಮ ಒನ್ ಕೇಂದ್ರದಲ್ಲೋ ಆಧಾರ್ ಮತ್ತು ಬಿಲ್‌ನ ಅಕೌಂಟ್ ಐಡಿ ಕೊಟ್ಟರೆ ಆಯಿತು, ಬಾಡಿಗೆದಾರರಿಗೆ ಕರಾರು ಪತ್ರವೂ ಬೇಕು. ಎಡವಟ್ಟಾಗುವುದು ಮನೆ ಬದಲಿಸುವಾಗ. ಹಳೇ ಮನೆಯ ಮೀಟರ್‌ನಿಂದ ಆಧಾರ್ ಬಿಡಿಸದೆ ಹೊಸದಕ್ಕೆ ಅರ್ಜಿ ಹಾಕಿದರೆ ತೆಗೆದುಕೊಳ್ಳುವುದಿಲ್ಲ, ಏಕೆಂದರೆ ಒಂದು ಆಧಾರ್‌ಗೆ ಒಂದೇ ಮೀಟರ್. ಮೊದಲು ಡಿ-ಲಿಂಕ್ ಮಾಡಿಸಿ. ಬಿಲ್ ತಕರಾರಿಗೆ 1912ಕ್ಕೆ ಫೋನ್ ಮಾಡಿ.

ಬೇಸಿಗೆಯಲ್ಲಿ ಪಾಲು ಮೀರಿಸುವುದು ಫ್ಯಾನು. ಹಳೇ 75 ವ್ಯಾಟ್ ಫ್ಯಾನ್ ದಿನಕ್ಕೆ 14 ಗಂಟೆ ತಿರುಗಿದರೆ ತಿಂಗಳಿಗೆ ಸುಮಾರು 31 ಯೂನಿಟ್. ಕಡಿಮೆ ಕರೆಂಟ್ ಎಳೆಯುವ ಹೊಸ ಬಗೆಯ ಮೋಟಾರಿನ 28 ವ್ಯಾಟ್ ಬಿಎಲ್‌ಡಿಸಿ ಫ್ಯಾನ್‌ಗೆ 12 ಸಾಕು. ಇದನ್ನು ಹಳೇ ರೆಗ್ಯುಲೇಟರ್ ಮೂಲಕ ಕೊಟ್ಟರೆ ಒಳಗಿನ ಬೋರ್ಡ್ ಕೆಡುತ್ತದೆ. ರೆಗ್ಯುಲೇಟರ್ ತೆಗೆಸಿ ಸ್ವಿಚ್‌ನಿಂದ ನೇರವಾಗಿ ಎಳೆಸಿ.

ಆದರೆ ಕಾದ ಶೀಟಿನ ಕೆಳಗೆ ಯಾವ ಫ್ಯಾನೂ ಬಿಸಿಗಾಳಿಯನ್ನೇ ಬೀಸುವುದು. ಚಾವಣಿಗೆ ಬಿಳಿ ಬಳಿಯುವುದೇ ಅಗ್ಗದ ದಾರಿ. ಸಿಮೆಂಟ್ ಶೀಟಿಗೆ ಸುಣ್ಣ ಸಾಕು: ಐದು ಕೆಜಿ ಸುಣ್ಣದ ಹರಳನ್ನು ಹಿಂದಿನ ರಾತ್ರಿಯೇ ಕಬ್ಬಿಣದ ಬಕೆಟ್‌ನಲ್ಲಿ ನೆನೆಹಾಕಿ (ಸುಣ್ಣ ಅರಳುವ ಕಾವಿಗೆ ಪ್ಲಾಸ್ಟಿಕ್ ಮೆತ್ತಗಾಗುತ್ತದೆ), ಬೆಳಿಗ್ಗೆ ಬಟ್ಟೆಯಲ್ಲಿ ಸೋಸಿ, ಅರ್ಧ ಕೆಜಿ ಫೆವಿಕಾಲ್ ಕಲಸಿ. ಫೆವಿಕಾಲ್ ಇಲ್ಲದ ಸುಣ್ಣ ಮುಟ್ಟಿದರೆ ಕೈಗೆ ಬರುತ್ತದೆ, ಮೊದಲ ಮಳೆಗೇ ಹೋಗುತ್ತದೆ. ಶೀಟ್ ಒದ್ದೆ ಮಾಡಿ, ತೆಳುವಾಗಿ ಎರಡು ಕೋಟ್, ಎರಡನೆಯದು ಅಡ್ಡಕ್ಕೆ. ನಡು ಮಧ್ಯಾಹ್ನ ಬಳಿಯಬೇಡಿ, ಬೇಗ ಒಣಗಿ ಹಕ್ಕಳೆ ಏಳುತ್ತದೆ. ಜಿಂಕ್ ಶೀಟಿಗೆ ಸುಣ್ಣ ಹಿಡಿಯುವುದಿಲ್ಲ, ಸತುವಿನ ಲೇಪವನ್ನೂ ತಿನ್ನುತ್ತದೆ. ಅದಕ್ಕೆ ಪ್ರೈಮರ್ ಮೇಲೆ ಅಕ್ರಿಲಿಕ್ ಕೂಲ್ ರೂಫ್ ಪೇಂಟೇ ಆಗಬೇಕು. ಶೀಟಿನ ಏರಿಳಿತಕ್ಕೆ ಅಳತೆಗಿಂತ ಹೆಚ್ಚು ಬಣ್ಣ ಹೀರುತ್ತದೆ, ಆರನೇ ಒಂದು ಭಾಗ ಜಾಸ್ತಿ ತನ್ನಿ.

ಹಳೇ ಆಸ್ಬೆಸ್ಟಾಸ್ ಶೀಟನ್ನು ವೈರ್ ಬ್ರಶ್ ಹಾಕಿ ಒಣಗಿದಂತೆಯೇ ಉಜ್ಜಬಾರದು, ಆ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು. ನೀರು ಹಾಕಿ ಮೆತ್ತನೆ ಪೊರಕೆಯಿಂದ ಗುಡಿಸಿ. ಬೋಲ್ಟಿನ ಸಾಲು ಎಲ್ಲಿದೆಯೋ ಅದರ ಕೆಳಗೆ ಶೀಟ್ ಹೊರುವ ತೀರು (ಅಡ್ಡ ತೊಲೆ) ಇರುತ್ತದೆ. ಎರಡು ಸಾಲಿಗೆ ತಾಗುವಂತೆ ಹಲಗೆ ಹಾಸಿ ಅದರ ಮೇಲೇ ಕಾಲಿಡಿ. ನಡುವೆ ತುಳಿದರೆ ಶೀಟ್ ಮುರಿದು ಆಳು ಒಳಗೆ ಬೀಳುತ್ತಾನೆ.

ಒಳಗಿನ ಬಿಸಿ 2ರಿಂದ 5 ಡಿಗ್ರಿ ಇಳಿಯುತ್ತದೆ ಎಂಬುದು ಸಾಮಾನ್ಯ ಅಂದಾಜು. ಗೋಡೆಗೂ ಶೀಟಿಗೂ ನಡುವಿನ ಸಂದನ್ನು ಮುಚ್ಚಿಬಿಟ್ಟಿದ್ದರೆ ಅಷ್ಟು ಬರುವುದಿಲ್ಲ. ಇಲಿ ಬರುತ್ತವೆ ಎಂದಿದ್ದರೆ ಜಾಲರಿ ಬಡಿಯಿರಿ. ಧೂಳು ಕೂತಷ್ಟೂ ಗುಣ ಕಡಿಮೆ, ಸುಣ್ಣವಾದರೆ ಪ್ರತಿ ವರ್ಷ ಶಿವರಾತ್ರಿ ಹೊತ್ತಿಗೆ ಮತ್ತೆ ಬಳಿಯಬೇಕು.